ಬಿದ್ದರೆ ಎತ್ತಬಲ್ಲ ಗಾಡಿ

ಚಳಿಗಾಲದ ಭಾನುವಾರ ಬೆಳಿಗ್ಗೆ ಚಂದ್ರವಳ್ಳಿಯ ಕೆರೆಯ ಹತ್ತಿರ ಹೋದರೆ ಬೈಕುಗಳ ಸಾಲು ಕಣ್ಣಿಗೆ ಬೀಳುತ್ತದೆ. ಯಾವ ಊರಿನವು ಎಂಬುದನ್ನು ನಂಬರ್ ಪ್ಲೇಟುಗಳೇ ಹೇಳುತ್ತವೆ. ಕೆಎ 16 ಚಿತ್ರದುರ್ಗದ್ದು, ಕೆಎ 17 ದಾವಣಗೆರೆಯದು, ಕೆಎ 06 ತುಮಕೂರಿನದು, ಉಳಿದವು ಬಹುಪಾಲು ಬೆಂಗಳೂರಿನವು. ರಾಜಧಾನಿಯಿಂದ ಬರುವವರು ಕತ್ತಲಿರುವಾಗಲೇ ಹೊರಟು, ಹೆದ್ದಾರಿ 48ರಲ್ಲಿ ಇನ್ನೂರು ಕಿಲೋಮೀಟರ್ ಓಡಿಸಿ, ಬಿಸಿಲೇರುವ ಮೊದಲು ಇಲ್ಲಿಗೆ ತಲುಪಿರುತ್ತಾರೆ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಈ ಮೂರು ಬೆಟ್ಟಗಳ ನಡುವಿನ ಕಣಿವೆ ಇದು. ಕದಂಬರ ಮಯೂರಶರ್ಮನ ಶಾಸನ ಇರುವುದು ಇಲ್ಲಿನ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ. 1929ರಲ್ಲಿ ಡಾ. ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ದೂ ಇಲ್ಲೇ.

ಆ ಸಾಲಿನಲ್ಲಿ ಹತ್ತು ವರ್ಷದ ಹಿಂದೆ ಬುಲೆಟ್ಟು, ಪಲ್ಸರ್ರುಗಳೇ ಹೆಚ್ಚಿಗೆ ಇರುತ್ತಿದ್ದವು. ಈಗ ಇನ್ನೊಂದು ಜಾತಿಯ ಬೈಕು ಸೇರಿಕೊಂಡಿದೆ. ಎತ್ತರದ ಸೀಟು, ಅಗಲವಾದ ಹ್ಯಾಂಡಲ್, ಮುಂದೆ ದೊಡ್ಡ ಚಕ್ರ, ಮೈಗೆಲ್ಲ ಒಣಗಿದ ಕೆಸರು. ಇವನ್ನು ಅಡ್ವೆಂಚರ್ ಬೈಕು ಎನ್ನುತ್ತಾರೆ. ಟಾರು ರಸ್ತೆ, ಮಣ್ಣು ರಸ್ತೆ, ರಸ್ತೆಯೇ ಅಲ್ಲದ ದಾರಿ ಮೂರರಲ್ಲೂ ಓಡಬೇಕೆಂದು ಕಟ್ಟಿದ ಗಾಡಿಗಳು. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಸಿಸಿ, ಎಷ್ಟು ಪಿಕಪ್ಪು ಎಂದು. ತೂಕ ಎಷ್ಟು ಎಂದು ಕೇಳುವವರು ಕಡಿಮೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ದಾರಿಗಳಲ್ಲಿ ನಾಲ್ಕು ದಿನ ಓಡಾಡಿದವರು ಮಾತ್ರ ಆ ಪ್ರಶ್ನೆಯನ್ನೇ ಮೊದಲಿಗೆ ತರುತ್ತಾರೆ.

ಇಂಥ ಬೈಕುಗಳು ಹೆಸರು ಮಾಡಿದ್ದು ಮರುಭೂಮಿಯಲ್ಲಿ. 1978ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಸೆನೆಗಲ್‌ನ ಡಕಾರ್‌ವರೆಗಿನ ಮೊದಲ ರ‍್ಯಾಲಿ ಹೊರಟಿತು. 1980ರಲ್ಲಿ ಬಿಎಂಡಬ್ಲ್ಯು ಕಂಪನಿ ಆರ್80 ಜಿ/ಎಸ್ ಎಂಬ ಬೈಕನ್ನು ತಂದಿತು. ಮರುವರ್ಷವೇ ಯುಬೆರ್ ಓರಿಯೋಲ್ ಅದರ ಮೇಲೆ ಡಕಾರ್ ಗೆದ್ದರು. ಮುಂದೆ ಆ ಬೈಕು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗಿ, ಅದೇ ವಂಶದ ಆರ್1250 ಜಿಎಸ್ 249 ಕಿಲೋ ಮುಟ್ಟಿತು. ಯುರೋಪಿನ ನುಣುಪು ರಸ್ತೆಗಳಲ್ಲಿ ಅದು ಸುಖವಾದ ಸವಾರಿ. ಗರಸು ಮಣ್ಣಿನ ಇಳಿಜಾರಿನಲ್ಲಿ ಅಷ್ಟು ಭಾರ ಜಾರಿದರೆ ತಡೆಯಲು ಒಬ್ಬನ ಕಾಲು ಸಾಲದು.

ಕರ್ನಾಟಕಕ್ಕೂ ಡಕಾರ್‌ಗೂ ಗಟ್ಟಿ ನಂಟಿದೆ. ಆ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ ಅವರು ಬಂದದ್ದು 36ನೇ ಸ್ಥಾನಕ್ಕೆ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಟಿವಿಎಸ್ ತಂಡದ ಪರವಾಗಿ ಡಕಾರ್ ಮುಗಿಸಿದರು. ಹೀರೊ ಕಂಪನಿ 2017ರಲ್ಲಿ ತನ್ನದೇ ತಂಡ ಇಳಿಸಿತು, 2024ರಲ್ಲಿ ಅದರ ಸವಾರ ರಾಸ್ ಬ್ರಾಂಚ್ ಎರಡನೇ ಸ್ಥಾನ ಪಡೆದರು. ಈ ತಂಡಗಳು ಮರಳಿನಲ್ಲಿ ಕಲಿತದ್ದು ನಮ್ಮ ಷೋರೂಮಿನ ಬೈಕುಗಳಿಗೂ ಅಷ್ಟಿಷ್ಟು ಇಳಿದುಬಂದಿದೆ.

ಆದರೆ ಹಳ್ಳಿಗಾಡಿನ ಜನ ಕಾಡುದಾರಿಯಲ್ಲಿ ಗಾಡಿ ಓಡಿಸಲು ಡಕಾರ್‌ಗಾಗಿ ಕಾದು ಕೂತಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಕಟ್ಟಿದ ಜಾವಾ, ಯೆಜ್ಡಿಗಳು ಮಲೆನಾಡಿನ ಕಾಫಿ ತೋಟಗಳಲ್ಲೂ ಬಯಲುಸೀಮೆಯ ಹೊಲಗಳಲ್ಲೂ ಓಡಿದವು. ಹಾಲಿನ ಕ್ಯಾನು ಹೊತ್ತ ರಾಜದೂತ್‌ಗೆ ಹೋಗದ ಊರಿರಲಿಲ್ಲ. ಇಂದಿಗೂ ಹೊಸದುರ್ಗದ ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಎದುರಾಗುವ ಗಾಡಿ ಹೆಚ್ಚಾಗಿ ಟಿವಿಎಸ್ ಎಕ್ಸೆಲ್ಲೇ. ತೂಕ ತೊಂಬತ್ತು ಕಿಲೋಗೂ ಕಡಿಮೆ, ಶಕ್ತಿ ನಾಲ್ಕೂವರೆ ಪಿಎಸ್ ಸಹ ಇಲ್ಲ. ಆದರೂ ಕಾಯಿ ಮೂಟೆ ಹೇರಿಕೊಂಡು ಏರು ಹತ್ತುತ್ತದೆ. ಸ್ಪ್ಲೆಂಡರ್ ಪ್ಲಸ್ಸಿನ ತೂಕ 112 ಕಿಲೋ, ಸೀಟಿನ ಎತ್ತರ 785 ಮಿಲಿಮೀಟರ್, ನೆಲದಿಂದ ಅಂತರ 165 ಮಿಲಿಮೀಟರ್. ದಿನವೂ ಜಮೀನಿಗೆ ಹೋಗಿಬರುವ ರೈತ ಅದರಲ್ಲೇ ಹಳ್ಳ ದಾಟುತ್ತಾನೆ. ಲಕ್ಷಗಟ್ಟಲೆ ಕೊಟ್ಟು ಅಡ್ವೆಂಚರ್ ಬೈಕು ತಂದವರು ಈ ಗಾಡಿಗಳನ್ನು ಗೌರವದಿಂದ ನೋಡುವುದನ್ನು ಕಲಿಯಬೇಕು. ಹಗುರವಿದ್ದರೆ ಏನೆಲ್ಲ ಸಾಧ್ಯ ಎಂಬುದಕ್ಕೆ ಅವೇ ದೊಡ್ಡ ಸಾಕ್ಷಿ.

ಭಾರತದ ಕಂಪನಿಗಳು ಈ ಬಗೆಯ ಬೈಕಿಗೆ ಕೈ ಹಾಕಿದ್ದು ತಡವಾಗಿ. 2011ರಲ್ಲಿ ಹೀರೊ ಇಂಪಲ್ಸ್ ಬಂತು. 150 ಸಿಸಿ, 134 ಕಿಲೋ, ಶಕ್ತಿ ಹದಿಮೂರು ಪಿಎಸ್ ಆಸುಪಾಸು. ದಾರಿ ಬಿಟ್ಟು ಓಡಲು ಒಳ್ಳೆಯ ಗಾಡಿಯೇ, ಆದರೆ ಕೊಳ್ಳುವವರು ಸಿಗದೆ ನಿಂತುಹೋಯಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ತಂದಿತು. ಅದಾದ ಮೇಲೆ ಮಾರುಕಟ್ಟೆ ತಿರುಗಿತು. 2018ರಲ್ಲಿ ಬಿಎಂಡಬ್ಲ್ಯು ಜಿ310 ಜಿಎಸ್ ಬಂತು. ಜರ್ಮನಿಯ ಹೆಸರಿದ್ದರೂ ಅದು ತಯಾರಾದದ್ದು ಬೆಂಗಳೂರಿನ ಪಕ್ಕದ ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲಿ. 2019ರ ಮೇ ತಿಂಗಳಲ್ಲಿ ಹೀರೊ ಎಕ್ಸ್‌ಪಲ್ಸ್ 200 ಬಂದಾಗ ಕಾರ್ಬುರೇಟರ್ ಇದ್ದ ಮಾದರಿಯ ಷೋರೂಮ್ ಬೆಲೆ 97,000 ರೂಪಾಯಿ. ನಿಜವಾದ ಅಡ್ವೆಂಚರ್ ಬೈಕೊಂದು ಒಂದು ಲಕ್ಷದೊಳಗೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಕಾಲೇಜು ಮುಗಿಸಿ ಆಗತಾನೆ ಸಂಬಳ ಎಣಿಸುತ್ತಿದ್ದ ಹುಡುಗರಿಗೂ ಅದು ಕೈಗೆಟುಕಿತು. 2020ರಲ್ಲಿ ಕೆಟಿಎಂ 390 ಅಡ್ವೆಂಚರ್, 2022ರಲ್ಲಿ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್, ಅದೇ ವರ್ಷ ಯೆಜ್ಡಿ ಎಂಬ ಹಳೆಯ ಹೆಸರಿನಲ್ಲಿ ಹೊಸ ಅಡ್ವೆಂಚರ್ ಬಂದವು. 2023ರ ಕೊನೆಗೆ ಹಿಮಾಲಯನ್ 450, 2025ರ ಆರಂಭದಲ್ಲಿ ಎಕ್ಸ್‌ಪಲ್ಸ್ 210, ವರ್ಷದ ಕೊನೆಯ ತಿಂಗಳುಗಳಲ್ಲಿ ಟಿವಿಎಸ್ ಅಪಾಚೆ ಆರ್‌ಟಿಎಕ್ಸ್ 300 ಸೇರಿಕೊಂಡವು.

ಇಷ್ಟೊಂದು ಗಾಡಿಗಳಲ್ಲಿ ಆರಿಸುವುದು ಹೇಗೆ? ಅದಕ್ಕೆ ಕೋಟೆನಾಡು ಚಿತ್ರದುರ್ಗದ ನೆಲವನ್ನು ಒಮ್ಮೆ ಸರಿಯಾಗಿ ನೋಡಬೇಕು.

ಮೊದಲನೆಯದು ಹೆದ್ದಾರಿ. ಬೆಂಗಳೂರು, ತುಮಕೂರು, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ದಾಟಿ ಮುಂಬೈ ಕಡೆಗೆ ಹೋಗುವ ಹೆದ್ದಾರಿ 48. ಚಿತ್ರದುರ್ಗದಿಂದ ಹೊಸಪೇಟೆ, ವಿಜಯಪುರದ ಕಡೆಗೆ ಕವಲೊಡೆಯುವುದು ಹೆದ್ದಾರಿ 50. ಹಗಲೂ ರಾತ್ರಿ ಲಾರಿಗಳು. ಸುತ್ತ ಬಯಲಾದ್ದರಿಂದ ಮುಂಗಾರಿನ ತಿಂಗಳುಗಳಲ್ಲಿ ಅಡ್ಡಗಾಳಿ ಜೋರು. ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದೂ ಈ ಗಾಳಿಯನ್ನು ನಂಬಿಯೇ.

ಆ ಗಾಳಿಯಂತ್ರಗಳ ಬುಡಕ್ಕೆ ಹೋಗುವ ಗರಸು ರಸ್ತೆಗಳು ಎರಡನೆಯವು. ಉದ್ದದ ರೆಕ್ಕೆಗಳನ್ನು ಸಾಗಿಸಲೆಂದು ಗುಡ್ಡ ಕಡಿದು ಮಾಡಿದ ಅಗಲದ ದಾರಿಗಳಿವು. ಏರು ಕಡಿದಾಗಿರುತ್ತದೆ, ಮೇಲಿನ ಗರಸು ಸಡಿಲವಾಗಿರುತ್ತದೆ. ಇನ್ನು ಭೀಮಸಮುದ್ರದ ಕಡೆ ಕಬ್ಬಿಣದ ಅದಿರಿನ ಕೆಂಪು ದೂಳು. ಅದಿರು ಲಾರಿಯ ಹಿಂದೆ ಹತ್ತು ನಿಮಿಷ ಓಡಿಸಿದರೆ ಹೆಲ್ಮೆಟ್ಟಿನ ಒಳಗೂ ಕೆಂಪು. ಚಿತ್ರದುರ್ಗದ ಉತ್ತರಕ್ಕೆ ತುರುವನೂರಿನ ಕಡೆ ಕಪ್ಪು ಎರೆ ಭೂಮಿ. ಹಿರಿಯೂರಿನ ಸುತ್ತ ಬಳ್ಳಾರಿ ಜಾಲಿಯ ಪೊದೆಗಳು. ಜೋಗಿಮಟ್ಟಿಗೆ ಹತ್ತುವ ಕಾಡುದಾರಿ ಬೇರೆಯೇ ಬಗೆ, ತಿರುವು ಜಾಸ್ತಿ, ಅಗಲ ಕಡಿಮೆ. ಒಂದೇ ಜಿಲ್ಲೆಯಲ್ಲಿ, ಒಂದೇ ದಿನದ ಓಟದಲ್ಲಿ ಇಷ್ಟೂ ಎದುರಾಗುತ್ತವೆ.

ಇವುಗಳಲ್ಲಿ ಗಾಡಿಯನ್ನೂ ಸವಾರನನ್ನೂ ಹೆಚ್ಚು ಸುಸ್ತು ಮಾಡುವುದು ಎರೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಿರುವ ಆ ಮಣ್ಣು ಒಂದು ಹದ ಮಳೆ ಬಿದ್ದರೆ ಟೈರಿಗೆ ಅಂಟಿಕೊಳ್ಳಲು ಶುರುವಾಗುತ್ತದೆ. ಚಕ್ರ ಒಂದೊಂದು ಸುತ್ತು ಬಂದಂತೆ ಮಣ್ಣಿನ ಪದರ ದಪ್ಪವಾಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿ ತುಂಬಿ, ಕೊನೆಗೆ ಮುಂದಿನ ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಎಂಜಿನ್ ಎಷ್ಟು ಶಕ್ತಿ ಕೊಟ್ಟರೂ ಹಿಂದಿನ ಚಕ್ರ ಜಾರುತ್ತ ಗಾಡಿ ಅಡ್ಡ ತಿರುಗುತ್ತದೆ. ಸವಾರ ಇಳಿದು, ಜಾಲಿ ಕಡ್ಡಿ ಮುರಿದುಕೊಂಡು, ಸಂದಿಯಿಂದ ಮಣ್ಣು ಕೆದರಿ ತೆಗೆಯಬೇಕು. ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ ಕಥೆ. ಎಕ್ಸ್‌ಪಲ್ಸ್‌ನಂಥ ಬೈಕುಗಳಲ್ಲಿ ಮುಂದಿನ ಮಡ್‌ಗಾರ್ಡನ್ನು ಚಕ್ರದಿಂದ ಒಂದು ಗೇಣು ಮೇಲೆ, ಹಕ್ಕಿಯ ಕೊಕ್ಕಿನ ಆಕಾರದಲ್ಲಿ ಕೂರಿಸಿರುವುದು ಈ ಕಾರಣಕ್ಕೆ. ಅದು ಅಂದಕ್ಕೆ ಇಟ್ಟದ್ದಲ್ಲ. ಅಷ್ಟು ಜಾಗ ಇದ್ದರೆ ಮಣ್ಣು ತಾನಾಗಿ ಉದುರಿಹೋಗುತ್ತದೆ. ಹಾಗಿದ್ದರೂ ಹಸಿ ಎರೆಯಲ್ಲಿ ಓಡಿಸದಿರುವುದೇ ಲೇಸು ಎಂಬುದು ಆ ಕಡೆಯ ರೈತರ ಮಾತು. ಅವರು ಎರಡು ದಿನ ಬಿಸಿಲು ಕಾಯುತ್ತಾರೆ.

ಈಗ ತೂಕದ ವಿಷಯಕ್ಕೆ ಬರೋಣ. ಎಕ್ಸ್‌ಪಲ್ಸ್ 200ರ ಮೊದಲ ಮಾದರಿ 154 ಕಿಲೋ, ನಂತರದ ನಾಲ್ಕು ವಾಲ್ವಿನದು 158. ವಿ-ಸ್ಟ್ರಾಮ್ ಎಸ್‌ಎಕ್ಸ್ 167, ಎಕ್ಸ್‌ಪಲ್ಸ್ 210 ಹೆಚ್ಚುಕಡಿಮೆ 170. ಜಿ310 ಜಿಎಸ್ 175, ಮೊದಲ ಕೆಟಿಎಂ 390 ಅಡ್ವೆಂಚರ್ 177. ಹೊಸ ಹಿಮಾಲಯನ್ 450 ತೂಗುವುದು 196 ಕಿಲೋ. ಮೊದಲನೆಯದಕ್ಕೂ ಕೊನೆಯದಕ್ಕೂ ನಲವತ್ತು ಕಿಲೋ ಚಿಲ್ಲರೆ ವ್ಯತ್ಯಾಸ. ಹೆದ್ದಾರಿಯಲ್ಲಿ ಆ ಭಾರ ಗೊತ್ತಾಗುವುದೇ ಇಲ್ಲ, ಬದಲಿಗೆ ಅಡ್ಡಗಾಳಿಗೆ ಗಾಡಿ ಅಲುಗದೆ ನಿಲ್ಲಲು ನೆರವಾಗುತ್ತದೆ. ಗರಸಿನ ಏರಿನಲ್ಲಿ ಗಾಡಿ ನಿಂತು, ಹಿಂದಕ್ಕೆ ಜಾರತೊಡಗಿದಾಗ ಪ್ರತಿ ಕಿಲೋವೂ ಲೆಕ್ಕಕ್ಕೆ ಬರುತ್ತದೆ.

ಒಟ್ಟು ತೂಕ ಎಷ್ಟು ಮುಖ್ಯವೋ ಅದು ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ತುಂಬಿದ ಕೊಡ ಸೊಂಟದಲ್ಲಿದ್ದಾಗ ನಡೆಯುವ ನಡಿಗೆಯೇ ಬೇರೆ, ತಲೆಯ ಮೇಲಿದ್ದಾಗಿನ ನಡಿಗೆಯೇ ಬೇರೆ. ಹಿಮಾಲಯನ್ 450ರ ಟ್ಯಾಂಕಿಗೆ ಹದಿನೇಳು ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ಟ್ಯಾಂಕು ತುಂಬಿದಾಗ ಆ ಹನ್ನೆರಡು-ಹದಿಮೂರು ಕಿಲೋ ಭಾರ ಎತ್ತರದಲ್ಲಿ ಕೂರುತ್ತದೆ. ದೂರದ ಪ್ರಯಾಣಕ್ಕೆ ಅದು ವರ. ದಿನಕ್ಕೆ ನೂರೈವತ್ತು ಕಿಲೋಮೀಟರ್ ಕಾಡುಮೇಡು ಸುತ್ತಿ ಸಂಜೆಗೆ ಮನೆ ಸೇರುವವನಿಗೆ ಅಷ್ಟು ಪೆಟ್ರೋಲ್ ಹೊರುವ ಅಗತ್ಯ ಬೀಳುವುದಿಲ್ಲ. ಎಕ್ಸ್‌ಪಲ್ಸ್ 200ರ ಹದಿಮೂರು ಲೀಟರ್, ವಿ-ಸ್ಟ್ರಾಮ್‌ನ ಹನ್ನೆರಡು ಲೀಟರ್ ಧಾರಾಳವಾಗಿ ಸಾಕು.

ಸೀಟಿನ ಎತ್ತರ ಇನ್ನೊಂದು ತೊಡಕು. ಎಕ್ಸ್‌ಪಲ್ಸ್ 200ರದು 823 ಮಿಲಿಮೀಟರ್, ಹಿಮಾಲಯನ್ 450 ಅದರ ಆಸುಪಾಸು 825, ವಿ-ಸ್ಟ್ರಾಮ್ 835. ಐದೂವರೆ ಅಡಿ ಎತ್ತರದವರು ಇವುಗಳ ಮೇಲೆ ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರುವುದು ಕಷ್ಟ. ಮೊದಲ ಹಿಮಾಲಯನ್ 411 ಎಷ್ಟೋ ಜನರಿಗೆ ಹಿಡಿಸಿದ್ದು ಅದರ 800 ಮಿಲಿಮೀಟರ್ ಸೀಟಿನಿಂದ. ಭಾರದ ಗಾಡಿ, ಎತ್ತರದ ಸೀಟು ಎರಡೂ ಸೇರಿದರೆ ಸವಾರ ಹೆದರುತ್ತಾನೆ. ಹೆದರಿದವನು ಬಿಗಿಯಾಗಿ ಹಿಡಿಯುತ್ತಾನೆ, ಬಿಗಿಯಾಗಿ ಹಿಡಿದವನು ಬೀಳುತ್ತಾನೆ. ಹಗುರದ ಗಾಡಿಯಾದರೆ ಒಂದೇ ಕಾಲು ತಾಗಿದರೂ ತಡೆದು ನಿಲ್ಲಿಸಬಹುದು. ಈಚೆಗೆ ಈ ಬೈಕುಗಳನ್ನು ಹೆಣ್ಣುಮಕ್ಕಳೂ ಕೊಳ್ಳುತ್ತಿದ್ದಾರೆ. ಅವರಿಗೆ ಷೋರೂಮಿನವರು ಕೊಡುವ ಮೊದಲ ಸಲಹೆ ಸೀಟನ್ನು ತಗ್ಗಿಸಿಕೊಳ್ಳಿ ಎಂದು. ಗಾಡಿಯ ತೂಕದ ಬಗ್ಗೆ ಮೊದಲು ಹೇಳಬೇಕಿತ್ತು.

ಮಣ್ಣಿನಲ್ಲಿ ಓಡಿಸುವವರು ಬಿದ್ದೇ ಬೀಳುತ್ತಾರೆ. ಅದು ನಾಚಿಕೆಯ ವಿಷಯವಲ್ಲ, ವೇಗ ಕಡಿಮೆ ಇದ್ದರೆ ಅಪಾಯವೂ ಹೆಚ್ಚಿಲ್ಲ. ಬಿದ್ದ ಬೈಕನ್ನು ಎತ್ತಲು ಒಂದು ಕ್ರಮವಿದೆ. ಮೊದಲು ಎಂಜಿನ್ ಆರಿಸಬೇಕು. ಗಾಡಿ ಉರುಳದಂತೆ ಗೇರಿನಲ್ಲಿ ಹಾಕಬೇಕು. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿಡಬೇಕು, ಇಲ್ಲದಿದ್ದರೆ ಎತ್ತಿದ ಜೋರಿಗೆ ಗಾಡಿ ಎಡಕ್ಕೆ ಬೀಳುತ್ತದೆ. ನಂತರ ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತು, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್ಲಿನ ತುದಿಯನ್ನೂ ಇನ್ನೊಂದರಲ್ಲಿ ಸೀಟಿನ ಕೆಳಗಿನ ಕಬ್ಬಿಣವನ್ನೂ ಹಿಡಿಯಬೇಕು. ಬೆನ್ನು ಬಗ್ಗಿಸದೆ, ಸಣ್ಣ ಹೆಜ್ಜೆ ಇಡುತ್ತ ಹಿಂದಕ್ಕೆ ತಳ್ಳಬೇಕು. ಭಾರ ಹೊರುವುದು ತೊಡೆ. ಹೀಗೆ ಮಾಡಿದರೆ 155 ಕಿಲೋದ ಗಾಡಿಯನ್ನು ಸಾಧಾರಣ ಮೈಕಟ್ಟಿನವರೂ ಒಬ್ಬರೇ ಎತ್ತಬಹುದು. ಇನ್ನೂರು ಕಿಲೋದ ಗಾಡಿಯನ್ನೂ ಸಮತಟ್ಟು ನೆಲದಲ್ಲಿ ಎತ್ತಬಹುದು, ಒಂದು ಸಲ. ಮಧ್ಯಾಹ್ನದ ಬಿಸಿಲಿನಲ್ಲಿ, ಗರಸು ಜಾರುವ ಇಳಿಜಾರಿನಲ್ಲಿ ಎರಡನೇ ಸಲ, ಮೂರನೇ ಸಲ ಎತ್ತಬೇಕಾಗಿ ಬಂದರೆ ಮೈಯಲ್ಲಿ ಶಕ್ತಿ ಉಳಿದಿರುವುದಿಲ್ಲ. ದಾರಿ ಬಿಟ್ಟು ಒಬ್ಬರೇ ಹೋಗುವವರು ಗಾಡಿ ಕೊಳ್ಳುವ ಮೊದಲು ತಮ್ಮನ್ನು ತಾವು ಕೇಳಿಕೊಳ್ಳಬೇಕಾದದ್ದು ಇಷ್ಟನ್ನೇ: ಇದು ಬಿದ್ದರೆ ನಾನೊಬ್ಬನೇ ಎತ್ತಬಲ್ಲೆನೇ?

ಹಾಗಾದರೆ ದೊಡ್ಡ ಎಂಜಿನ್ನಿಗೆ ಬೆಲೆಯೇ ಇಲ್ಲವೇ? ಇದೆ. ಎಕ್ಸ್‌ಪಲ್ಸ್ 200ರ ಶಕ್ತಿ ಮೊದಲು ಹದಿನೆಂಟು, ಆಮೇಲೆ ಹತ್ತೊಂಬತ್ತು ಪಿಎಸ್ ಅಷ್ಟೇ. ಗಂಟೆಗೆ ಎಂಬತ್ತರಲ್ಲಿ ಸಲೀಸಾಗಿ ಓಡುತ್ತದೆ. ತೊಂಬತ್ತು ದಾಟಿದರೆ ಎಂಜಿನ್ ಕೂಗಲು ಶುರುಮಾಡುತ್ತದೆ. ಹಿರಿಯೂರಿನ ಏರುತಗ್ಗುಗಳಲ್ಲಿ ಎದುರುಗಾಳಿ ಇದ್ದಾಗ ಲಾರಿ ಹಿಂದಿಕ್ಕಬೇಕಾದರೆ ಗೇರು ಇಳಿಸಲೇಬೇಕು. ಹಿಂದೆ ಹೆಂಡತಿ, ಎರಡು ಚೀಲ ಲಗೇಜು ಎಂದರೆ ಇನ್ನೂ ಕಷ್ಟ. ಹಿಮಾಲಯನ್ 450ರ ನಲವತ್ತು ಪಿಎಸ್, ಮೊದಲ ಕೆಟಿಎಂ 390ರ ನಲವತ್ತಮೂರು ಪಿಎಸ್ ಇಲ್ಲಿ ಮೇಲುಗೈ. ಈ ಎರಡರ ನಡುವೆ ಒಳ್ಳೆಯ ರಾಜಿ ಎಂದರೆ ಎಕ್ಸ್‌ಪಲ್ಸ್ 210 ಮತ್ತು ವಿ-ಸ್ಟ್ರಾಮ್ ಎಸ್‌ಎಕ್ಸ್. ಮೊದಲನೆಯದಕ್ಕೆ ಇಪ್ಪತ್ನಾಲ್ಕೂವರೆ, ಎರಡನೆಯದಕ್ಕೆ ಇಪ್ಪತ್ತಾರೂವರೆ ಪಿಎಸ್. ಸುಜುಕಿ ಹೆದ್ದಾರಿಗೆ ಹೆಚ್ಚು ಒಗ್ಗುತ್ತದೆ. ಅದರ ಮುಂದಿನ ಚಕ್ರ 19 ಇಂಚಿನದು, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಆರಿಸಲು ಬರುವುದಿಲ್ಲ. ಹೀರೊ ಮಣ್ಣಿಗೆ ಒಗ್ಗುತ್ತದೆ. ಅದರ 21 ಇಂಚಿನ ಚಕ್ರ ಕಲ್ಲು-ಗುಂಡಿಗಳ ಮೇಲೆ ಹತ್ತಿ ಇಳಿಯುವುದು ಸುಲಭ.

ಇನ್ನೊಂದು ಸಂಗತಿಯನ್ನು ಬೈಕ್ ಜಾಹೀರಾತುಗಳು ಹೇಳುವುದಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕುಗಳ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಂತೂ 2023ರ ಆಗಸ್ಟ್ ಒಂದರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಕಾನೂನು ಒಪ್ಪುವ ವೇಗಕ್ಕೆ ಇನ್ನೂರು ಸಿಸಿ ಸಾಕು ಎಂದಮೇಲೆ ಉಳಿದ ಶಕ್ತಿಗೆ ಕೊಡುವ ಹಣದ ಬಗ್ಗೆ ಎರಡು ಸಲ ಯೋಚಿಸಬೇಕು.

ಹಣದ ಲೆಕ್ಕದಲ್ಲಿ 2025ರ ಸೆಪ್ಟೆಂಬರ್ 22 ಮುಖ್ಯವಾದ ದಿನ. ಅಂದಿನಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವುಗಳಿಗೆ ಸೆಸ್ ಸೇರಿ ಶೇ. 31 ಇದ್ದದ್ದು 40ಕ್ಕೆ ಏರಿತು. ಎಕ್ಸ್‌ಪಲ್ಸ್, ವಿ-ಸ್ಟ್ರಾಮ್, ಅಪಾಚೆ ಆರ್‌ಟಿಎಕ್ಸ್ ಗೆರೆಯ ಈಚೆಗೆ ಉಳಿದವು, ಹಿಮಾಲಯನ್ 450, ಕೆಟಿಎಂ 390 ಆಚೆಗೆ ಹೋದವು. ವಿಮೆಯ ಗೆರೆಯೂ ಅಲ್ಲೇ. 2022ರ ದರಪಟ್ಟಿಯಂತೆ ಹೊಸ ಬೈಕಿಗೆ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 150ರಿಂದ 350 ಸಿಸಿಯವುಗಳಿಗೆ 7,365 ರೂಪಾಯಿ, 350 ದಾಟಿದರೆ 15,117. ಟೈರು, ಚೈನ್ ಸ್ಪ್ರಾಕೆಟ್, ಬ್ರೇಕ್ ಪ್ಯಾಡು ಎಲ್ಲವೂ ಗಾಡಿ ದೊಡ್ಡದಾದಷ್ಟೂ ಜೇಬಿಗೆ ಭಾರ.

ಕೊಂಡಮೇಲಿನ ಸಾಕಣೆಯಲ್ಲಿ ಸರ್ವಿಸ್ ಎಷ್ಟು ಹತ್ತಿರ ಸಿಗುತ್ತದೆ ಎಂಬುದು ದೊಡ್ಡ ಪ್ರಶ್ನೆ. ಹೀರೊ ಗಾಡಿಗೆ ತಾಲೂಕು ಕೇಂದ್ರದಲ್ಲೂ ಮೆಕ್ಯಾನಿಕ್ ಸಿಗುತ್ತಾನೆ, ಕ್ಲಚ್ ಕೇಬಲ್ಲಿಗಾಗಿ ದೂರದ ಊರಿಗೆ ಓಡಬೇಕಿಲ್ಲ. ಗಾಳಿಯಿಂದ ತಣ್ಣಗಾಗುವ ಹಳೆಯ ಎಕ್ಸ್‌ಪಲ್ಸ್ 200ರಲ್ಲಿ ರೇಡಿಯೇಟರ್ ಇಲ್ಲ. ಬಿದ್ದಾಗ ಒಡೆಯುವ ವಸ್ತುವೊಂದು ಕಡಿಮೆ. ಹೊಸ 210, ಹಿಮಾಲಯನ್ 450, ಕೆಟಿಎಂಗಳಲ್ಲಿ ರೇಡಿಯೇಟರ್ ಇದೆ. ಅದರ ಮುಂದೆ ಜಾಲರಿ ಹಾಕಿಸದೆ ಗರಸಿನಲ್ಲಿ ಓಡಿಸಿದರೆ ಮುಂದಿನ ಗಾಡಿ ಚಿಮ್ಮಿಸಿದ ಒಂದೇ ಕಲ್ಲು ಸಾಕು. ಭೀಮಸಮುದ್ರದ ದೂಳಿನಲ್ಲಿ ಓಡಿಸಿದವರು ಏರ್ ಫಿಲ್ಟರನ್ನು ಕಂಪನಿ ಹೇಳಿದ ಕಿಲೋಮೀಟರಿನವರೆಗೆ ಕಾಯದೆ ಬಿಚ್ಚಿ ನೋಡಬೇಕು. ಚೈನಿಗೆ ಎಣ್ಣೆ ಸುರಿದು ಹಾಗೇ ಬಿಟ್ಟರೆ ಆ ಎಣ್ಣೆಗೆ ಅದಿರಿನ ಪುಡಿ ಅಂಟಿ ಸ್ಪ್ರಾಕೆಟ್ಟಿನ ಹಲ್ಲು ತಿನ್ನುತ್ತದೆ. ಮೊದಲು ತೊಳೆದು, ಒರೆಸಿ, ಆಮೇಲೆ ಎಣ್ಣೆ.

ಹಿರಿಯೂರಿನ ಕಡೆಯ ಪಂಕ್ಚರ್ ಅಂಗಡಿಗಳಿಗೆ ಕೆಲಸ ಕೊಡುವುದು ಮೊಳೆಗಿಂತ ಹೆಚ್ಚಾಗಿ ಜಾಲಿ ಮುಳ್ಳು. ಕಡ್ಡಿ ಚಕ್ರದ ಬೈಕುಗಳಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ. ಮುಳ್ಳು ಹೊಕ್ಕರೆ ಗಾಳಿ ಒಮ್ಮೆಲೇ ಹೋಗುತ್ತದೆ, ಚಕ್ರ ಬಿಚ್ಚಿ ಟ್ಯೂಬ್ ಹೊರಗೆಳೆಯಬೇಕು. ಅಂಗಡಿಯವನು ನೀರಿನ ಬಾನಿಯಲ್ಲಿ ಟ್ಯೂಬ್ ಮುಳುಗಿಸಿ, ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕಿ, ತೇಪೆ ಹಚ್ಚುತ್ತಾನೆ. ಅಷ್ಟಕ್ಕೇ ಬಿಡದೆ ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡುತ್ತಾನೆ. ಹೊರಗೆ ಮುರಿದುಹೋದ ಮುಳ್ಳಿನ ತುದಿ ಒಳಗೆ ಉಳಿದಿದ್ದರೆ ಹಾಕಿದ ತೇಪೆಯ ಪಕ್ಕದಲ್ಲೇ ಇನ್ನೊಂದು ತೂತು ಖಚಿತ. ವಿ-ಸ್ಟ್ರಾಮ್‌ನಂಥ ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರಿಗೆ ದಾರಿಯಲ್ಲೇ ರಬ್ಬರ್ ಬತ್ತಿ ತುರುಕಿ ಮುಂದೆ ಹೋಗಬಹುದು, ಆದರೆ ಕಲ್ಲಿಗೆ ಬಡಿದು ಅಲಾಯ್ ಅಂಚು ಸೀಳಿದರೆ ಹಳ್ಳಿಯಲ್ಲಿ ರಿಪೇರಿ ಇಲ್ಲ. ಡೊಂಕಾದ ಕಡ್ಡಿ ಚಕ್ರವನ್ನು ಬಡಿದು, ಕಡ್ಡಿ ಬಿಗಿದು ಸರಿಮಾಡಬಹುದು. ಮುಳ್ಳಿನ ನಾಡಿಗೆ ಟ್ಯೂಬ್‌ಲೆಸ್, ಕಲ್ಲಿನ ನಾಡಿಗೆ ಕಡ್ಡಿ ಚಕ್ರ. ಚಿತ್ರದುರ್ಗದಲ್ಲಿ ಎರಡೂ ಇರುವುದರಿಂದ ಚೀಲದಲ್ಲಿ ಒಂದು ಟ್ಯೂಬು, ಎರಡು ಟೈರ್ ಲಿವರು, ಒಂದು ಗಾಳಿ ಪಂಪು ಇರಲೇಬೇಕು.

ಎಬಿಎಸ್ ಬಗ್ಗೆಯೂ ಒಂದು ಮಾತು. 125 ಸಿಸಿ ದಾಟಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಇದು ಕಡ್ಡಾಯ. ಟಾರಿನ ಮೇಲೆ ಜೀವ ಉಳಿಸುವ ಸಾಧನ. ಆದರೆ ಸಡಿಲ ಗರಸಿನ ಇಳಿಜಾರಿನಲ್ಲಿ ಹಿಂದಿನ ಚಕ್ರ ಕೊಂಚ ಕಚ್ಚಿ ನಿಂತರೆ ಅದರ ಮುಂದೆ ಗರಸು ಗುಡ್ಡೆಯಾಗಿ ಗಾಡಿ ಬೇಗ ನಿಲ್ಲುತ್ತದೆ. ಎಬಿಎಸ್ ಅದಕ್ಕೆ ಬಿಡುವುದಿಲ್ಲ, ಗಾಡಿ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಹಿಮಾಲಯನ್ 450, ಎಕ್ಸ್‌ಪಲ್ಸ್ 210ಗಳಲ್ಲಿ ಹಿಂದಿನ ಚಕ್ರದ ಎಬಿಎಸ್ಸನ್ನು ಆರಿಸಲು ಅವಕಾಶವಿದೆ. ಮಣ್ಣು ಬಿಟ್ಟು ಟಾರಿಗೆ ಬಂದ ತಕ್ಷಣ ಅದನ್ನು ಮತ್ತೆ ಹಾಕಿಕೊಳ್ಳಲು ಮರೆಯಬಾರದು.

ಗಾಡಿ ಎಲ್ಲಿ ಬೇಕಾದರೂ ಹೋಗಬಲ್ಲದು ಎಂದಮಾತ್ರಕ್ಕೆ ಎಲ್ಲಿಗೆ ಬೇಕಾದರೂ ಒಯ್ಯುವಂತಿಲ್ಲ. ಜೋಗಿಮಟ್ಟಿ ವನ್ಯಧಾಮ. ಅರಣ್ಯ ಇಲಾಖೆಯ ಅನುಮತಿ ಪಡೆದು, ಇರುವ ದಾರಿಯಲ್ಲೇ ಹೋಗಿ ಬರಬೇಕು. ಬೇಸಿಗೆಯಲ್ಲಿ ಒಣಗಿ ನಿಂತ ಬಾದೆ ಹುಲ್ಲಿನ ಮೇಲೆ ಕಾದ ಸೈಲೆನ್ಸರ್ ಇರುವ ಬೈಕು ನಿಲ್ಲಿಸಿದರೆ ಗುಡ್ಡಕ್ಕೇ ಬೆಂಕಿ ಬೀಳಬಹುದು. ಗಾಳಿಯಂತ್ರದ ರಸ್ತೆಗಳು ಕಂಪನಿಗಳ ಸುಪರ್ದಿಯಲ್ಲಿವೆ, ಕಾವಲುಗಾರ ಬೇಡ ಎಂದರೆ ತಿರುಗಿ ಬರಬೇಕು. ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ಕೋಟ್ಯಂತರ ವರ್ಷದ ಹಿಂದೆ ನೀರಿನೊಳಗೆ ಉಕ್ಕಿದ ಲಾವಾ ದಿಂಬುಗಳ ಆಕಾರದಲ್ಲಿ ಗಟ್ಟಿಯಾಗಿ ನಿಂತಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂಥ ಬಂಡೆಯ ಮೇಲೆ ಟೈರಿನ ಗುರುತು ಮೂಡಿಸುವುದು ಸಾಹಸವೇ ಅಲ್ಲ. ಚಂದ್ರವಳ್ಳಿಯ ಬಂಡೆಗಳಿಗೂ ಅದೇ ಮಾತು. ಸದ್ದು ಮಾಡುವ ಸೈಲೆನ್ಸರ್ ಹಾಕಿಸಿಕೊಂಡು ಬಂದವರಿಗೆ ಊರಿನವರು ಮುಂದಿನ ಸಲ ದಾರಿ ತೋರಿಸುವುದಿಲ್ಲ.

ಇಂಥ ಜಾಗಗಳನ್ನು ಬಿಟ್ಟರೆ ದಾರಿಗಳಿಗೆ ಬರವಿಲ್ಲ. ವೇದಾವತಿಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಅದನ್ನು ನೋಡಲು ಬೈಕುಗಳ ಜಾತ್ರೆಯೇ ನೆರೆದಿತ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಹಿರಿಯೂರಿನಿಂದ ಅಣೆಕಟ್ಟು ನೋಡಿಕೊಂಡು, ಹೊಸದುರ್ಗಕ್ಕೆ ಹೋಗಿ, ತೆಂಗು ಅಡಿಕೆಗಳ ನಡುವೆ ಹೊಳಲ್ಕೆರೆಗೆ ಬಂದು, ಅಲ್ಲಿನ ಬಯಲು ಗಣಪನಿಗೆ ಕೈಮುಗಿದು, ಭೀಮಸಮುದ್ರದ ಕೆರೆಯ ಮೇಲೆ ಚಿತ್ರದುರ್ಗ ಸೇರುವುದು ಹಗುರದ ಬೈಕಿಗೆ ಒಂದು ದಿನದ ಒಳ್ಳೆಯ ಓಟ. ದಾರಿಯ ಬಹುಪಾಲು ಟಾರೇ, ನಡುನಡುವೆ ಒಳದಾರಿ ಹಿಡಿಯುವುದು ಸವಾರನ ಉತ್ಸಾಹಕ್ಕೆ ಬಿಟ್ಟದ್ದು.

ಹೊಸದಕ್ಕೆ ಹಣ ಸಾಲದವರಿಗೆ ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ 200, ಹಿಮಾಲಯನ್ 411 ಬೇಕಾದಷ್ಟು ಸಿಗುತ್ತವೆ. ಮಣ್ಣಿನಲ್ಲಿ ದುಡಿದ ಗಾಡಿ ತೊಳೆದು ಪಾಲಿಷ್ ಮಾಡಿದರೂ ಕೆಲವು ಗುರುತು ಉಳಿಸಿಕೊಂಡಿರುತ್ತದೆ. ಎಂಜಿನ್ನಿನ ಕೆಳಗಿನ ತಗಡಿನಲ್ಲಿ ಗೀರು ಇರುವುದು ಸಹಜ, ಅದರಾಚೆ ಎಂಜಿನ್ ಕೇಸಿಗೇ ಪೆಟ್ಟು ಬಿದ್ದಿದ್ದರೆ ಬಿಟ್ಟುಬಿಡುವುದು ಮೇಲು. ಮುಂದಿನ ಫೋರ್ಕನ್ನು ನಾಲ್ಕೈದು ಸಲ ಒತ್ತಿ, ಸೀಲಿನ ಬಳಿ ಬೆರಳಾಡಿಸಿ, ಎಣ್ಣೆ ಅಂಟುತ್ತದೆಯೇ ನೋಡಬೇಕು. ಗಾಡಿಯನ್ನು ನೇರ ಓಡಿಸಿ, ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತದೆಯೇ ಗಮನಿಸಬೇಕು. ಚಕ್ರ ಎತ್ತಿ ತಿರುಗಿಸಿದಾಗ ರಿಮ್ ಓಲಾಡಿದರೆ ಎಷ್ಟು ಕಡ್ಡಿ ಸಡಿಲವಾಗಿವೆ ಎಂದು ಎಣಿಸಬೇಕು. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಗಾಡಿಯ ಮೇಲಿನದರೊಂದಿಗೆ ತಾಳೆ ನೋಡಿ, ವಿಮೆಯ ಅವಧಿ ಕೇಳಿ, ಬಾಕಿ ದಂಡ ಎಷ್ಟಿದೆ ಎಂದು ತಿಳಿದುಕೊಂಡ ಮೇಲೆ ಬೆಲೆಯ ಮಾತು. ಮಾರುವವನು ಒಪ್ಪಿದರೆ ಅವನೆದುರೇ ಗಾಡಿಯನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿ, ಬೆನ್ನು ಕೊಟ್ಟು ಒಮ್ಮೆ ಎತ್ತಿ ನೋಡಬಹುದು.